ಹೃದಯದ ಗುಳಿಗೆಯೂ ಕಾಡಂಚಿನ ಜ್ವರವೂ

ಕಬಿನಿ ಹೊಳೆಯ ಈಚೆ ದಡ ಮುಳ್ಳನ್ಕೊಲ್ಲಿ ಪಂಚಾಯತು. ಆಚೆ ದಡ ಕರ್ನಾಟಕದ ಬೈರಕುಪ್ಪೆ. ಕರಿಮೆಣಸಿನ ತೋಟಗಳು, ಸಮೀಪದಲ್ಲೇ ಕಾಡು. ಇಂತಹ ಊರಿನಲ್ಲಿ ಹಿರಿಯರೊಬ್ಬರು ಹೃದಯಾಘಾತದಿಂದ ಗುಣಹೊಂದಿ ಮನೆಗೆ ಮರಳಿದರೆಂದರೆ ಅವರ ಜತೆ ಸಾಮಾನ್ಯವಾಗಿ ಒಂದು ಚಿಕ್ಕ ಗುಳಿಗೆಯೂ ಬರುತ್ತದೆ. ಅದು 75 ಮಿಲಿಗ್ರಾಮಿನ ಆಸ್ಪಿರಿನ್. ಮದ್ದಿನ ಚೀಟಿ ಇಂಗ್ಲಿಷಿನಲ್ಲಿ, ಹೇಳುವ ಮಾತು ಮಲೆಯಾಳದಲ್ಲಿ. ಕನ್ನಡ ಮನೆಯ ಅಜ್ಜ ಅಜ್ಜಿಯರಿಗೆ ತಿಳಿಯುವುದು 'ರಕ್ತ ತೆಳುವಾಗುವ ಮದ್ದು' ಎಂಬಷ್ಟೇ. ಆ ಮಾತೂ ಪೂರ್ತಿ ಸರಿಯಲ್ಲ. ಈ ಗುಳಿಗೆಯಿಂದ ರಕ್ತ ನೀರಾಗುವುದಿಲ್ಲ.

ನಮ್ಮ ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಕಿರುತಟ್ಟೆಗಳಿವೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಕತ್ತಿ ತಾಗಿ ಬೆರಳು ಕೊಯ್ದರೆ ಮೊದಲು ಓಡಿಬಂದು ಗಾಯಕ್ಕೆ ಅಂಟಿಕೊಳ್ಳುವವು ಇವೇ. ಅಂಟಿಕೊಂಡ ಕಿರುತಟ್ಟೆ ಥ್ರೊಂಬಾಕ್ಸೇನ್ ಎಂಬ ವಸ್ತುವನ್ನು ಹೊರಬಿಡುತ್ತದೆ. ಅದು ಉಳಿದ ಕಿರುತಟ್ಟೆಗಳನ್ನು ಕೂಗಿ ಕರೆಯುತ್ತದೆ, ರಕ್ತನಾಳವನ್ನೂ ಬಿಗಿಗೊಳಿಸುತ್ತದೆ. ಬೆರಳಿನ ಗಾಯಕ್ಕೆ ಇದು ಉಪಕಾರ. ಆದರೆ ಹೃದಯದ ರಕ್ತನಾಳದೊಳಗೆ ಕಟ್ಟಿದ ಕೊಬ್ಬಿನ ಗಂಟು ಒಡೆದಾಗಲೂ ಕಿರುತಟ್ಟೆಗಳು ಅದನ್ನು ಗಾಯವೆಂದೇ ತಿಳಿದು ಗುಂಪುಗೂಡುತ್ತವೆ. ನಾಳ ಮುಚ್ಚಿಹೋಗುತ್ತದೆ.

ರಕ್ತನಾಳವೇನೂ ಸುಮ್ಮನಿರುವುದಿಲ್ಲ. ಅದರ ಒಳಪದರವು ಪ್ರೊಸ್ಟಾಸೈಕ್ಲಿನ್ ಎಂಬ ಇನ್ನೊಂದು ವಸ್ತುವನ್ನು ತಯಾರಿಸಿ ನಾಳವನ್ನು ಅಗಲಿಸುತ್ತದೆ, ಕಿರುತಟ್ಟೆಗಳನ್ನು ದೂರವಿಡುತ್ತದೆ. ವಿಚಿತ್ರವೆಂದರೆ ಈ ಎರಡು ವಿರೋಧಿಗಳೂ ಹುಟ್ಟುವುದು ಒಂದೇ ಬಗೆಯ ಕಿಣ್ವದ ಸಹಾಯದಿಂದ. ಆಸ್ಪಿರಿನ್ ಕೆಡಿಸುವುದು ಆ ಕಿಣ್ವವನ್ನೇ. ಹಾಗಾದರೆ ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೆ ನಿಲ್ಲಬೇಕಲ್ಲವೇ?

ಇಲ್ಲಿಯೇ ಸಣ್ಣ ಪ್ರಮಾಣದ ಗುಟ್ಟು ಇರುವುದು. ನಾಳದ ಒಳಪದರದ ಜೀವಕೋಶಗಳಿಗೆ ಕೋಶಕೇಂದ್ರವಿದೆ. ಕೆಟ್ಟ ಕಿಣ್ವದ ಬದಲು ಅವು ಕೆಲವೇ ಗಂಟೆಗಳಲ್ಲಿ ಹೊಸದನ್ನು ತಯಾರಿಸಿಕೊಳ್ಳುತ್ತವೆ. ಕಿರುತಟ್ಟೆಗೆ ಕೋಶಕೇಂದ್ರವಿಲ್ಲ. ಒಮ್ಮೆ ಕೆಟ್ಟರೆ ಅದರ ಆಯುಷ್ಯವಿಡೀ, ಅಂದರೆ 7ರಿಂದ 10 ದಿನ, ಅದು ಕೂಗಲಾರದ ಮೂಕ. ಆದುದರಿಂದ ದಿನಕ್ಕೆ 75 ಮಿಲಿಗ್ರಾಂ ಸಾಕಾಗುತ್ತದೆ. 'ಹೆಚ್ಚು ನುಂಗಿದರೆ ಹೆಚ್ಚು ಗುಣ' ಎಂಬುದು ಇಲ್ಲಿ ನಡೆಯದು; ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವ ಭಯ ಹೆಚ್ಚುತ್ತದೆ, ಅಷ್ಟೆ. ಈ ಕಿಣ್ವದ ಮೇಲೆ ಆಸ್ಪಿರಿನ್ನಿನ ಕೆಲಸವನ್ನು 1971ರಲ್ಲಿ ತೋರಿಸಿಕೊಟ್ಟ ಇಂಗ್ಲೆಂಡಿನ ಜಾನ್ ವೇನ್ 1982ರ ನೊಬೆಲ್ ಪಾರಿತೋಷಕವನ್ನು ಇನ್ನಿಬ್ಬರೊಡನೆ ಹಂಚಿಕೊಂಡರು. 1988ರಲ್ಲಿ ಪ್ರಕಟವಾದ, ಹೃದಯಾಘಾತದ ಶಂಕೆಯಿದ್ದ 17 ಸಾವಿರಕ್ಕೂ ಹೆಚ್ಚು ರೋಗಿಗಳ ಪರೀಕ್ಷೆಯಲ್ಲಿ, ಒಂದು ತಿಂಗಳು ಆಸ್ಪಿರಿನ್ ಕೊಟ್ಟವರಲ್ಲಿ ಮರಣ ಐದರಲ್ಲೊಂದು ಪಾಲಿಗೂ ಮಿಕ್ಕಿ ಇಳಿದಿತ್ತು.

ಇನ್ನು ನಮ್ಮ ಕಾಡಂಚಿನ ವಿಷಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ, ಇಲ್ಲಿಯವರ ಬಾಯಲ್ಲಿ 'ಕುರಂಗುಪನಿ', 2015ರಲ್ಲಿ ಪುಲ್ಪಳ್ಳಿ ಸುತ್ತಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಉಣುಗು ಕಚ್ಚಿ ಬರುವ ಈ ಜ್ವರದಲ್ಲಿ ಕಿರುತಟ್ಟೆಗಳ ಸಂಖ್ಯೆ ಇಳಿಯುವುದುಂಟು. ಮೂಗು, ಒಸಡುಗಳಲ್ಲಿ ರಕ್ತ ಬರುವುದುಂಟು. ಡೆಂಗೆಯಲ್ಲಿಯೂ ಹಾಗೆಯೇ. ಉಳಿದ ಕೆಲವನ್ನೂ ಮೂಕವಾಗಿಸಿದರೆ ರಕ್ತವನ್ನು ತಡೆಯುವವರು ಯಾರು? ಜ್ವರ, ಮೈಕೈನೋವು ಎಂದು ಅಜ್ಜನ ಡಬ್ಬಿಯಿಂದ ಗುಳಿಗೆ ತೆಗೆದು ಮೊಮ್ಮಗನಿಗೆ ಕೊಡುವುದು, ತಲೆನೋವಿಗೆಂದು ಅಂಗಡಿಯಿಂದ ಆಸ್ಪಿರಿನ್ ತಂದು ನುಂಗುವುದು ಕೂಡದು. ಮಕ್ಕಳಿಗಂತೂ ಅದರಿಂದ ಬೇರೆ ಅಪಾಯಗಳೂ ಇವೆ. ಇಂತಹ ಜ್ವರಕ್ಕೆ ವೈದ್ಯರು ಸಾಮಾನ್ಯವಾಗಿ ಕೊಡುವುದು ಪ್ಯಾರಾಸಿಟಮಾಲ್.

ಇದನ್ನೋದಿ ಹೃದಯದ ರೋಗಿಗಳು ತಾವಾಗಿಯೇ ಗುಳಿಗೆ ನಿಲ್ಲಿಸಿಬಿಟ್ಟರೆ ಅದು ಇನ್ನೊಂದು ಅನಾಹುತ. ರಕ್ತನಾಳದಲ್ಲಿ ಸ್ಟೆಂಟ್ ಇರಿಸಿಕೊಂಡವರು ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು. ಹಲ್ಲು ಕೀಳಿಸುವ ಮುಂಚೆಯೂ ಕೇಳಬೇಕು. ಜ್ವರ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಿ, ಹೃದಯದ ಮದ್ದು ಸೇವಿಸುತ್ತಿರುವುದನ್ನು ತಿಳಿಸಬೇಕು. ಮಾತು ತೊಡಕಾದರೆ ಗುಳಿಗೆಯ ಪಟ್ಟಿಯನ್ನೇ ಕೊಂಡುಹೋಗಿ ವೈದ್ಯರ ಮೇಜಿನ ಮೇಲಿಡಿ.