ಒಂದು ಷೇರಿನ ದಾನ

ನಾಮಕರಣ, ಉಪನಯನ, ವಿವಾಹಾದಿ ಶುಭಪ್ರಸಂಗಗಳಲ್ಲಿ ಬೆಳ್ಳಿಯ ಬಟ್ಟಲನ್ನೋ ಬಂಗಾರದ ಉಂಗುರವನ್ನೋ ಉಡುಗೊರೆಯಾಗಿ ಕೊಡುವುದು ನಮ್ಮಲ್ಲಿ ರೂಢಿ. ಕೊಟ್ಟ ಕ್ಷಣದಲ್ಲಿಯೇ ಬಟ್ಟಲು ಮಗುವಿನದಾಗುತ್ತದೆ. ಅದರ ಒಡೆತನದ ವಿಷಯದಲ್ಲಿ ಮುಂದೆ ಯಾರಿಗೂ ಸಂದೇಹವುಂಟಾಗುವುದಿಲ್ಲ. ನಾನು ಬ್ಯಾಂಕಿನ ಕೆಲಸದಲ್ಲಿರುವವನೆಂಬ ಕಾರಣದಿಂದಲೋ ಏನೋ, ಸಂಘದ ಮಿತ್ರರು ಈಚಿನ ಕೆಲವು ವರ್ಷಗಳಿಂದ ಬೇರೊಂದು ಬಗೆಯ ಉಡುಗೊರೆಯನ್ನು ಕುರಿತು ನನ್ನನ್ನು ಕೇಳುತ್ತಿದ್ದಾರೆ. ಯಾವುದಾದರೊಂದು ಒಳ್ಳೆಯ ಕಂಪೆನಿಯ ಒಂದೇ ಒಂದು ಷೇರನ್ನು ಮಗುವಿಗೆ ಕೊಡಬಹುದೆ ಎಂಬುದು ಅವರ ಪ್ರಶ್ನೆ. ಕೊಡಬಹುದು ಎಂಬುದು ಅದಕ್ಕೆ ಸುಲಭವಾದ ಉತ್ತರ. ಹಾಗೆ ಕೊಟ್ಟ ಷೇರು ಯಾವ ಗಳಿಗೆಯಲ್ಲಿ ಮಗುವಿನದಾಗುತ್ತದೆ ಎಂಬುದನ್ನು ಯಾರೂ ಕೇಳಿಲ್ಲ. ಇಲ್ಲಿ ವಿಚಾರಿಸಬೇಕೆಂದಿರುವುದು ಅದನ್ನೇ.

ಮೊದಲು ಷೇರೆಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. 2013ನೆಯ ವರ್ಷದ ಕಂಪೆನಿ ಕಾಯಿದೆಯು ಷೇರನ್ನು ಚರಸ್ವತ್ತೆಂದು ಕರೆದಿದೆ. ಆದರೆ ಬಟ್ಟಲನ್ನು ಹಿಡಿದಂತೆ ಇದನ್ನು ಕೈಯಲ್ಲಿ ಹಿಡಿಯಲು ಬರುವುದಿಲ್ಲ. ಕಂಪೆನಿಗೂ ಅದರ ಸದಸ್ಯನಿಗೂ ನಡುವಣ ಹಕ್ಕುಗಳ ಕಟ್ಟೊಂದಕ್ಕೆ ಷೇರೆಂದು ಹೆಸರು. ಲಾಭಾಂಶವನ್ನು ಪಡೆಯುವುದು, ವಾರ್ಷಿಕ ಮಹಾಸಭೆಯ ತಿಳಿವಳಿಕೆಯನ್ನೂ ಲೆಕ್ಕಪತ್ರಗಳನ್ನೂ ತರಿಸಿಕೊಳ್ಳುವುದು, ಸಭೆಗೆ ಹೋಗುವುದು, ಮತ ಹಾಕುವುದು ಇವೆಲ್ಲ ಆ ಕಟ್ಟಿನೊಳಗೆ ಸೇರಿವೆ. ಹತ್ತು ಸಾವಿರ ಷೇರುಳ್ಳವನಿಗೂ ಒಂದೇ ಷೇರುಳ್ಳವನಿಗೂ ಮತದ ತೂಕದಲ್ಲಿ ಭೇದವಿದೆಯೇ ಹೊರತು ಸದಸ್ಯತ್ವದಲ್ಲಿ ಭೇದವಿಲ್ಲ. ಒಂದು ಷೇರಿನ ಉಡುಗೊರೆಗೆ ಬೆಲೆಗೆ ಮೀರಿದ ಒಂದು ಗೌರವವಿದ್ದರೆ ಅದು ಈ ಕಾರಣದಿಂದ.

ಹಿಂದೆ ಕಂಪೆನಿಗಳು ಕೊಡುತ್ತಿದ್ದ ಚಿತ್ತಾರದ ಅಂಚಿನ ಪತ್ರವು ಈ ಹಕ್ಕುಗಳಿಗೆ ಸಾಕ್ಷಿ ಮಾತ್ರ. ಅಮೆರಿಕದಲ್ಲಿ ವಾಲ್ಟ್ ಡಿಸ್ನಿ ಕಂಪೆನಿಯ ಒಂದು ಷೇರಿನ ಪತ್ರಕ್ಕೆ ಚೌಕಟ್ಟು ಹಾಕಿಸಿ ಮಕ್ಕಳಿಗೆ ಕೊಡುವ ವಾಡಿಕೆ ಬಹುಕಾಲ ಇತ್ತು. ಅದರ ಮೇಲಿನ ಚಿತ್ರಗಳು ಮಕ್ಕಳಿಗೆ ಮೆಚ್ಚಾಗುತ್ತಿದ್ದವು. 2013ರ ಅಕ್ಟೋಬರಿನಲ್ಲಿ ಆ ಕಂಪೆನಿ ಕಾಗದದ ಷೇರುಪತ್ರಗಳನ್ನು ಕೊಡುವುದನ್ನು ನಿಲ್ಲಿಸಿತು. ಷೇರಿಗೆ ಅದರಿಂದ ಏನೂ ಕುಂದಾಗಲಿಲ್ಲ. ಗೋಡೆಗೆ ಮಾತ್ರ ಕುಂದಾಯಿತು.

ದಾನದ ಸ್ವರೂಪವನ್ನು ಕುರಿತು ನಮ್ಮ ನಾಡಿನಲ್ಲಿಯೇ ಹುಟ್ಟಿದ ಒಂದು ವಿಚಾರಸರಣಿಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076-1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಅವನ ಅಭಿಪ್ರಾಯದಲ್ಲಿ ದಾನಕ್ಕೆ ಎರಡು ಅಂಗಗಳು: ಕೊಡುವವನು ತನ್ನ ಸ್ವತ್ವವನ್ನು ಬಿಡುವುದು ಒಂದು, ಇನ್ನೊಬ್ಬನ ಸ್ವತ್ವವನ್ನು ಉಂಟುಮಾಡುವುದು ಮತ್ತೊಂದು. ಎರಡನೆಯದು ಸಿದ್ಧಿಸಬೇಕಾದರೆ ಪಡೆಯುವವನು ಸ್ವೀಕರಿಸಬೇಕು. ಸ್ವೀಕಾರವು ಮಾನಸ, ವಾಚಿಕ, ಕಾಯಿಕ ಎಂದು ಮೂರು ವಿಧ. ವಸ್ತ್ರವನ್ನೋ ಬಂಗಾರವನ್ನೋ ಕೈಯಲ್ಲಿ ಹಿಡಿದರೆ ಕಾಯಿಕ ಸ್ವೀಕಾರವಾಯಿತು. ಭೂಮಿಯನ್ನು ಹಾಗೆ ಹಿಡಿಯುವುದೆಂತು? ಅದರ ಫಲವನ್ನು ಅನುಭವಿಸಿದ ಹೊರತು ಭೂಮಿಯ ಕಾಯಿಕ ಸ್ವೀಕಾರವಿಲ್ಲ. ಆದುದರಿಂದ ಸ್ವಲ್ಪಮಟ್ಟಿನದಾದರೂ ಅನುಭೋಗವಿರಬೇಕು, ಇಲ್ಲದಿದ್ದರೆ ಭೂದಾನವು ಪೂರ್ಣವಾಗದು ಎಂದು ವಿಜ್ಞಾನೇಶ್ವರನು ನಿರ್ಣಯಿಸುತ್ತಾನೆ. ನಮ್ಮ ಶಾಸನಗಳಲ್ಲಿ ಧಾರಾಪೂರ್ವಕವಾಗಿ ಕೊಟ್ಟ ದತ್ತಿಗಳಿಗೆ ಎಲ್ಲೆಕಟ್ಟುಗಳನ್ನೂ ಪಡೆದವನ ಹೆಸರನ್ನೂ ಕಲ್ಲಿನಲ್ಲಿ ಕಂಡರಿಸಿರುವುದನ್ನು ವಾಚಕರು ಬಲ್ಲರು. ನೀರೆರೆದದ್ದು ನೆಲದಲ್ಲಿ ಇಂಗಿಹೋಗುತ್ತದೆ, ಬರೆದದ್ದು ಉಳಿಯುತ್ತದೆ.

ನನ್ನ ಎಣಿಕೆಯಲ್ಲಿ ಷೇರು ಈ ವಿಷಯದಲ್ಲಿ ಬಟ್ಟಲಿಗಿಂತ ಭೂಮಿಗೆ ಹತ್ತಿರವಾದುದು. ಕಾಯಿದೆಯು ಅದನ್ನು ಚರವೆಂದು ಕರೆದರೂ ಅದರ ಫಲವಾದ ಲಾಭಾಂಶವು ಯಾರ ಹೆಸರಿಗೆ ಬರುತ್ತದೆಂಬುದರಿಂದಲೇ ಒಡೆತನವು ಕಣ್ಣಿಗೆ ಕಾಣುತ್ತದೆ.

ಇಂದಿನ ಕಾನೂನಿಗೆ ಬರೋಣ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ದಾನವು ಸ್ವಇಚ್ಛೆಯಿಂದ, ಪ್ರತಿಫಲವಿಲ್ಲದೆ ಆಗತಕ್ಕದ್ದು; ಅದನ್ನು ಪಡೆಯುವವನು, ಇಲ್ಲವೆ ಅವನ ಪರವಾಗಿ ಇನ್ನೊಬ್ಬನು, ದಾನಿಯು ಬದುಕಿರುವಾಗಲೇ ಸ್ವೀಕರಿಸತಕ್ಕದ್ದು. ತೊಟ್ಟಿಲ ಕೂಸಿನ ಪರವಾಗಿ ತಂದೆತಾಯಿಗಳು ಸ್ವೀಕರಿಸಲು ಇದರಿಂದ ಅವಕಾಶವಿದೆ. ಚರಸ್ವತ್ತಿನ ದಾನವನ್ನು ನೋಂದಣಿಯಾದ ಪತ್ರದಿಂದಾಗಲಿ ವಸ್ತುವನ್ನು ಒಪ್ಪಿಸುವುದರಿಂದಾಗಲಿ ಮಾಡಬಹುದು. ಕಂಪೆನಿ ಕಾಯಿದೆಯು ಇದರ ಮೇಲೆ ಮತ್ತೊಂದು ಮೆಟ್ಟಿಲನ್ನು ಇಟ್ಟಿದೆ. ವಿಧಿವತ್ತಾದ ವರ್ಗಾವಣೆ ಪತ್ರವು ತನ್ನ ಕೈಸೇರಿ, ಸದಸ್ಯರ ದಾಖಲೆ ಪುಸ್ತಕದಲ್ಲಿ ಹೊಸ ಹೆಸರು ಏರುವವರೆಗೆ ಕಂಪೆನಿಯು ಹಳೆಯ ಹೆಸರಿನವನನ್ನೇ ತನ್ನ ಸದಸ್ಯನೆಂದು ತಿಳಿಯುತ್ತದೆ.

ಈ ಮೆಟ್ಟಿಲನ್ನು ಹತ್ತದಿದ್ದರೆ ಆಗುವುದೇನೆಂಬುದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ನನ್ನ ಸೋದರಮಾವ ಪರೇಲಿನ ಗಿರಣಿಯೊಂದರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಯಾವುದೋ ಕಂಪೆನಿಯ ಕೆಲವು ಷೇರುಗಳನ್ನು ಕೊಂಡಿದ್ದು, ಮಗಳ ಮದುವೆಗೆಂದು ಮಾರಿದ ಮೇಲೆ ಬೋನಸ್ಸಾಗಿ ಬಂದಿದ್ದ ಒಂದು ಬಿಡಿ ಷೇರು ಅವರಲ್ಲಿ ಉಳಿಯಿತು. 1990ರಲ್ಲಿ ನನ್ನ ಉಪನಯನವಾದಾಗ ಅದರ ಪತ್ರವನ್ನು ಕುಂಕುಮ ಹಚ್ಚಿದ ಲಕೋಟೆಯಲ್ಲಿಟ್ಟು ನನ್ನ ಕೈಗೆ ಕೊಟ್ಟು, ಇದು ನಿನ್ನದು, ಮಾರಬೇಡ ಎಂದರು. ತಂದೆಯವರು ಅದನ್ನು ಪೆಟ್ಟಿಗೆಯಲ್ಲಿಟ್ಟರು. ವರ್ಗಾವಣೆಯ ಪತ್ರವನ್ನು ತುಂಬಿ ಕಂಪೆನಿಗೆ ಕಳುಹಿಸಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಲಾಭಾಂಶದ ವಾರಂಟುಗಳು ಮಾವನ ಚಾಳಿನ ವಿಳಾಸಕ್ಕೇ ಬರುತ್ತಿದ್ದವು. ಷೇರು ಹುಡುಗನದು, ಹಣ ನನಗೇಕೆ ಎಂದು ಅವರು ಅವನ್ನು ಬ್ಯಾಂಕಿಗೆ ಹಾಕದೆ ಪಂಚಾಂಗದ ಹಾಳೆಗಳ ನಡುವೆ ಇಡುತ್ತಿದ್ದರಂತೆ. 2011ರಲ್ಲಿ ಅವರು ತೀರಿಕೊಂಡರು. 2020ರಲ್ಲಿ ಮನೆ ಬದಲಾಯಿಸುವಾಗ ಲಕೋಟೆ ಸಿಕ್ಕಿತು. ಅಷ್ಟು ಹೊತ್ತಿಗೆ ಸೆಬಿಯ ನಿಯಮದಂತೆ, 1 ಏಪ್ರಿಲ್ 2019ರಿಂದ, ಪೇಟೆಯಲ್ಲಿ ನಮೂದಾದ ಕಂಪೆನಿಗಳ ಷೇರುಗಳನ್ನು ಕಾಗದದ ರೂಪದಲ್ಲಿ ವರ್ಗಾಯಿಸುವುದು ನಿಂತಿತ್ತು. ಏಳು ವರ್ಷ ಸತತವಾಗಿ ಲಾಭಾಂಶವನ್ನು ಯಾರೂ ಪಡೆಯದ ಷೇರು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗತಕ್ಕದ್ದು. ನನ್ನದೆಂದು ನಾನು ತಿಳಿದಿದ್ದ ಷೇರೂ ಅಲ್ಲಿಗೇ ಹೋಗಿತ್ತು. ಇಪ್ಪತ್ತು ವರ್ಷ ಪರರ ದಸ್ತೈವಜುಗಳನ್ನು ಪರೀಕ್ಷಿಸಿದವನ ಮನೆಯ ಸ್ಥಿತಿ ಇದು. ಮಾವನ ಪ್ರಾಮಾಣಿಕತೆಯೇ ಷೇರನ್ನು ಕಳೆದಿತ್ತೆಂಬುದು ನನ್ನನ್ನು ಬಹಳ ದಿನ ಕಾಡಿತು.

ಕಾನೂನಿನಲ್ಲಿ ನನಗೆ ದಾರಿಯಿತ್ತೆ? 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶೇಲತ್ ಮೊಕದ್ದಮೆಯಲ್ಲಿ ಇಂಥದೇ ಪ್ರಶ್ನೆಯನ್ನು ವಿಚಾರಿಸಿದೆ. ಒಬ್ಬ ಹೆಂಗಸು ತನ್ನ ಷೇರುಗಳನ್ನು ನೋಂದಣಿಯಾದ ದಾನಪತ್ರದ ಮೂಲಕ ಕೊಟ್ಟು, ಷೇರುಪತ್ರಗಳನ್ನೂ ತಾನು ಸಹಿ ಮಾಡಿದ ಖಾಲಿ ವರ್ಗಾವಣೆ ಪತ್ರಗಳನ್ನೂ ಒಪ್ಪಿಸಿದ್ದಳು. ಕಂಪೆನಿಗಳ ಪುಸ್ತಕದಲ್ಲಿ ಹೆಸರು ಬದಲಾಗುವ ಮೊದಲೇ ತೀರಿಕೊಂಡಳು. ದಾನಿಗೂ ಪಡೆದವನಿಗೂ ನಡುವೆ ದಾನವು ಪೂರ್ಣವಾಗಿದೆ, ಷೇರುಗಳನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಹಕ್ಕು ಪಡೆದವನಿಗೆ ಬಂದಿದೆ ಎಂದು ನ್ಯಾಯಾಲಯ ತೀರ್ಮಾನಿಸಿತು. ಇಲ್ಲಿ ಆ ಹೆಂಗಸು ಮಾಡಿದ್ದನ್ನು ಗಮನಿಸಬೇಕು: ತಾನು ಮಾಡಬಹುದಾದುದನ್ನೆಲ್ಲ ಆಕೆ ಮಾಡಿ ಮುಗಿಸಿದ್ದಳು, ಉಳಿದದ್ದು ಕಂಪೆನಿಯ ಕೆಲಸ. ನನ್ನ ಲಕೋಟೆಯಲ್ಲಿ ದಾನಪತ್ರವೂ ಇರಲಿಲ್ಲ, ಸಹಿ ಮಾಡಿದ ವರ್ಗಾವಣೆ ಪತ್ರವೂ ಇರಲಿಲ್ಲ, ಕುಂಕುಮವಿತ್ತು. ಒಂದು ಷೇರಿಗಾಗಿ ಬಂಧುಗಳ ಮೇಲೆ ದಾವೆ ಹೂಡುವುದು ಅಂತೂ ಯೋಚಿಸತಕ್ಕ ಮಾತಲ್ಲ. ನಾನು ಪತ್ರವನ್ನು ಅತ್ತೆಯ ಕೈಯಲ್ಲಿಟ್ಟು, ಇದರ ವಾರಸುದಾರರು ನೀವು ಎಂದು ಹೇಳಿದೆನು.

ಈಗ ಕೊಡುವವರ ಹಾದಿ ಹೆಚ್ಚು ನೇರವಾಗಿದೆ. 1996ರ ಡೆಪಾಸಿಟರಿ ಕಾಯಿದೆಯ ತರುವಾಯ ಷೇರುಗಳು ಕಾಗದದಿಂದ ಲೆಕ್ಕದ ನಮೂದುಗಳಾಗಿ ಮಾರ್ಪಟ್ಟವು. ದಾನಿಗೂ ಪಡೆಯುವವರಿಗೂ ಡಿಮ್ಯಾಟ್ ಖಾತೆ ಇರಬೇಕು. ಅಪ್ರಾಪ್ತ ವಯಸ್ಕರ ಹೆಸರಿನಲ್ಲಿ ಪೋಷಕರು ಖಾತೆ ತೆರೆಯಬಹುದು. ದಾನಿಯು ತನ್ನ ಖಾತೆಯಿರುವ ಸಂಸ್ಥೆಗೆ ವರ್ಗಾವಣೆಯ ಆದೇಶಚೀಟಿಯನ್ನು ಕೊಟ್ಟು, ಅದರಲ್ಲಿ ಪಡೆಯುವವರ ಖಾತೆಯ ಸಂಖ್ಯೆ, ಷೇರಿನ ಗುರುತು, ಎಷ್ಟು ಷೇರು ಎಂಬುದನ್ನು ಬರೆದು, ಕಾರಣವೆಂಬಲ್ಲಿ ದಾನವೆಂದು ನಮೂದಿಸಬೇಕು. ಪ್ರತಿಫಲವಿಲ್ಲದ ಕಾರಣ ಇದಕ್ಕೆ ಮುದ್ರಾಂಕ ಶುಲ್ಕವಿಲ್ಲ. ಒಂದು ಷೇರಿಗಾಗಿ ಖಾತೆಯ ವಾರ್ಷಿಕ ವೆಚ್ಚವನ್ನು ಹೊರುವುದೆ ಎಂದು ಕೇಳುವವರಿದ್ದಾರೆ. 2024ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಸೆಬಿಯ ನಿಯಮದಂತೆ ಮೂಲಸೇವೆಯ ಖಾತೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಹಿಡುವಳಿಗೆ ನಿರ್ವಹಣಾ ಶುಲ್ಕವಿಲ್ಲ. ಪೇಟೆಯಿಂದ ಹೊಸದಾಗಿ ಕೊಳ್ಳುವವರು ಮಗುವಿನ ಖಾತೆಗೆ ಸಾಗಿಸುವುದನ್ನು ಮುಂದೂಡಬಾರದು. ತಮ್ಮ ಖಾತೆಯಲ್ಲಿಟ್ಟುಕೊಂಡು ಇದು ಮಗುವಿನದು ಎಂದುಕೊಳ್ಳುವುದು ಪಂಚಾಂಗದ ನಡುವೆ ವಾರಂಟು ಇಟ್ಟಂತೆಯೇ ಸರಿ.

ತೆರಿಗೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 1958ರ ದಾನತೆರಿಗೆಯು 1998ರ ಅಕ್ಟೋಬರಿನಿಂದ ಇಲ್ಲವಾಯಿತು. ಹತ್ತಿರದ ಬಂಧುಗಳಿಂದ ಬಂದ ದಾನಕ್ಕೆ ಆದಾಯ ತೆರಿಗೆಯಿಲ್ಲ, ಸೋದರಮಾವನೂ ಈ ಬಂಧುಗಳ ಪಟ್ಟಿಯಲ್ಲಿದ್ದಾನೆ. ಇತರರಿಂದ ಒಂದು ವರ್ಷದಲ್ಲಿ ಬಂದ ಉಡುಗೊರೆ 50,000 ರೂಪಾಯಿ ಮೀರಿದರೆ ತೆರಿಗೆ ಬೀಳುತ್ತದೆ. ಒಂದು ಷೇರಿಗೆ ಈ ಭಯವೇಕೆ ಎನ್ನಬಾರದು: ಚೆನ್ನೈಯ ಎಂಆರ್‌ಎಫ್ ಕಂಪೆನಿಯ ಒಂದು ಷೇರಿನ ಬೆಲೆ 2023ರ ಜೂನಿನಲ್ಲಿ ಒಂದು ಲಕ್ಷ ರೂಪಾಯಿಯನ್ನು ದಾಟಿತು. ವಿವಾಹದ ಉಡುಗೊರೆಗೆ ವಿನಾಯಿತಿಯುಂಟು, ನಾಮಕರಣಕ್ಕಿಲ್ಲ. ಇದರ ತರ್ಕ ನನಗೆ ಇನ್ನೂ ತಿಳಿದಿಲ್ಲ.

ಒಂದು ಷೇರು ಎಷ್ಟಾದೀತು ಎಂಬ ಕುತೂಹಲವೂ ಸಹಜವೇ. 1993ರಲ್ಲಿ ಸಾರ್ವಜನಿಕರಿಗೆ 95 ರೂಪಾಯಿಗೆ ದೊರೆತ ಬೆಂಗಳೂರಿನ ಇನ್ಫೋಸಿಸ್ ಷೇರನ್ನು ನೋಡಿ. 1994, 1997, 1999ರ ಬೋನಸ್ಸುಗಳಿಂದ ಒಂದು ಎಂಟಾಯಿತು. 2000ದಲ್ಲಿ ಮುಖಬೆಲೆಯನ್ನು ಹತ್ತರಿಂದ ಐದಕ್ಕೆ ಸೀಳಿದಾಗ ಹದಿನಾರು. 2004ರಲ್ಲಿ ಒಂದಕ್ಕೆ ಮೂರರ ಬೋನಸ್ಸಿನಿಂದ 64. 2006, 2014, 2015, 2018ರಲ್ಲಿ ಪ್ರತಿ ಸಲವೂ ಇಮ್ಮಡಿಯಾಗಿ 1,024. ಇದು ಅಪರೂಪದ ದೃಷ್ಟಾಂತ. ಅದೇ ದಶಕದಲ್ಲಿ ಪೇಟೆಗೆ ಬಂದು ಹೆಸರಿಲ್ಲದಂತಾದ ಕಂಪೆನಿಗಳು ಲೆಕ್ಕವಿಲ್ಲದಷ್ಟಿವೆ. ಒಂದೇ ಷೇರುಳ್ಳವನಿಗೆ ಇನ್ನೊಂದು ತೊಡಕೂ ಉಂಟು. ಎರಡಕ್ಕೆ ಒಂದರಂತೆ ಬೋನಸ್ಸು ಬಂದರೆ ಅವನ ಪಾಲಿಗೆ ಅರ್ಧ ಷೇರು; ಅಂಥ ತುಣುಕುಗಳನ್ನು ಕೂಡಿಸಿ ಮಾರಿ ಹಣವನ್ನು ಹಂಚುವುದು ಕಂಪೆನಿಗಳ ಪದ್ಧತಿ.

ಅತ್ತೆಯ ಅರ್ಜಿ ನಿಧಿಯ ಕಚೇರಿಗೆ ಹೋಗಿ, ಮರಣಪತ್ರ, ವಾರಸುಪತ್ರ, ಮಕ್ಕಳ ಒಪ್ಪಿಗೆಪತ್ರಗಳೆಲ್ಲ ಸೇರಿ, ಸುಮಾರು ಎರಡು ವರ್ಷಗಳ ಮೇಲೆ ಷೇರು ಆಕೆಯ ಡಿಮ್ಯಾಟ್ ಖಾತೆಗೆ ಬಂದಿತು. ಈ ನಡುವೆ ಎರಡು ಸಲ ಬೋನಸ್ಸಾಗಿ ಅದು ನಾಲ್ಕಾಗಿತ್ತು. ಅತ್ತೆ ಆದೇಶಚೀಟಿಯನ್ನು ತರಿಸಿ ನಾಲ್ಕನ್ನೂ ನನ್ನ ಹೆಸರಿಗೆ ಬರೆಯಲು ಹೇಳಿದರು. ಮಾವ ಕೊಟ್ಟದ್ದು ಒಂದೇ ಅಲ್ಲವೆ ಎಂದೆ. ಹಸುವನ್ನು ಕೊಟ್ಟಮೇಲೆ ಕರುವನ್ನು ಕಟ್ಟಿಹಾಕಿಕೊಳ್ಳುವುದುಂಟೆ ಎಂದು ಅವರು ಸಹಿ ಮಾಡಿದರು. ಮುಂದಿನ ಲಾಭಾಂಶವಾಗಿ ನನ್ನ ಖಾತೆಗೆ ಹದಿನಾರು ರೂಪಾಯಿ ಜಮೆಯಾಯಿತು. ಪಾಸುಪುಸ್ತಕದ ಆ ಪುಟವನ್ನು ತೆಗೆದುಕೊಂಡು ಹೋಗಿ ಅತ್ತೆಗೆ ತೋರಿಸಿ ಬಂದೆನು.