ಆಮ್ಲಜನಕವನ್ನು ಗುರುತಿಸುವ ಅಯಸ್ಕಾಂತ

ದ್ರವ ಆಮ್ಲಜನಕವನ್ನು ಬಲವಾದ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಸುರಿದರೆ ಅದು ಪೂರ್ತಿ ಕೆಳಗೆ ಬೀಳುವುದಿಲ್ಲ. ತಿಳಿನೀಲಿ ಬಣ್ಣದ ಆ ದ್ರವ ಧ್ರುವಗಳ ನಡುವೆ ಅಂಟಿ ನಿಂತು, ಅಲ್ಲೇ ಕುದಿದು ಆವಿಯಾಗುತ್ತದೆ. ದ್ರವ ಸಾರಜನಕವಾದರೋ ಸುಮ್ಮನೆ ಸುರಿದುಹೋಗುತ್ತದೆ. ಆಮ್ಲಜನಕದ ಪ್ರತಿ ಅಣುವಿನಲ್ಲಿ ಜೋಡಿಯಿಲ್ಲದ ಎರಡು ಎಲೆಕ್ಟ್ರಾನುಗಳಿವೆ. ಹಾಗಾಗಿ ಅಣುವೇ ಒಂದು ಪುಟ್ಟ ಅಯಸ್ಕಾಂತ.

ಗಾತ್ರ ನೋಡಿ ಆಮ್ಲಜನಕ, ಸಾರಜನಕಗಳನ್ನು ಬೇರ್ಪಡಿಸುವುದು ಕಷ್ಟ. ಆಮ್ಲಜನಕದ ಅಣು 0.346 ನ್ಯಾನೊಮೀಟರ್, ಸಾರಜನಕದ್ದು 0.364. ಕೋವಿಡ್ ಕಾಲದಲ್ಲಿ ಮನೆಗಳಿಗೂ ಬಂದ ಆಕ್ಸಿಜನ್ ಕಾನ್ಸನ್‌ಟ್ರೇಟರಿನೊಳಗಿನ ಜಿಯೋಲೈಟ್ ಎಂಬ ರಂಧ್ರಭರಿತ ವಸ್ತು ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದಕ್ಕೆ ಬಿಡುತ್ತದೆ. ಆದರೆ ತನ್ನೊಳಗೆ ಬಂದದ್ದು ಯಾರೆಂದು ಅದು ನಮಗೆ ಹೇಳುವುದಿಲ್ಲ.

ಹೇಳಬಲ್ಲ ವಸ್ತುವೊಂದನ್ನು 2018ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಹಿತೋಶಿ ಮಿಯಾಸಾಕಾ ಅವರ ತಂಡ ತೋರಿಸಿತು. ನನಗೆ ಇದು ಬಹಳ ದೊಡ್ಡ ಸಾಧನೆಯಾಗಿ ಕಾಣುತ್ತದೆ. ಏಕೆಂದರೆ ರಂಧ್ರಕ್ಕೂ ಅಯಸ್ಕಾಂತಕ್ಕೂ ಆಗಿಬರುವುದಿಲ್ಲ. ಕಾಂತತೆ ಬೇಕೆಂದರೆ ಲೋಹದ ಪರಮಾಣುಗಳು ಒತ್ತೊತ್ತಾಗಿರಬೇಕು, ಅನಿಲಕ್ಕೆ ಜಾಗ ಬೇಕೆಂದರೆ ದೂರ ಸರಿಯಬೇಕು. ಈ ತಂಡ ರುಥೇನಿಯಂ ಜೋಡಿಗಳನ್ನು ಟಿಸಿಎನ್‌ಕ್ಯೂ ಎಂಬ ಸಾವಯವ ಅಣುವಿನಿಂದ ಹೆಣೆಯಿತು. ಈ ಹೆಣಿಗೆಯಲ್ಲಿ ಆ ಅಣುವಿಗೂ ಒಂಟಿ ಎಲೆಕ್ಟ್ರಾನ್ ಇರುವುದರಿಂದ ಲೋಹಗಳು ದೂರವಿದ್ದರೂ ಒಂದರ ಕಾಂತತೆ ಇನ್ನೊಂದಕ್ಕೆ ತಲುಪುತ್ತದೆ. ಹೀಗೆ ಪದರಗಳಾದವು, ಪದರಗಳ ನಡುವೆ ಅನಿಲಕ್ಕೆ ಎಡೆಯಾಯಿತು.

ಸಾರಜನಕ, ಇಂಗಾಲದ ಡೈಆಕ್ಸೈಡ್ ಒಳಹೊಕ್ಕಾಗ ಅದು ಅಯಸ್ಕಾಂತವಾಗಿಯೇ ಉಳಿಯಿತು. ಆಮ್ಲಜನಕದ ಒತ್ತಡ ಏರುತ್ತ ಹೋದಂತೆ ಮಾತ್ರ ಕಥೆ ಬದಲಾಯಿತು: ನಡುವೆ ಕುಳಿತ ಅಣುಗಳ ಪ್ರಭಾವದಿಂದ ಅಕ್ಕಪಕ್ಕದ ಪದರಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗಿ, ಒಟ್ಟು ಕಾಂತತೆ ಪರಸ್ಪರ ರದ್ದಾಯಿತು. ಹೊರಗಿನಿಂದ ಕಾಂತಕ್ಷೇತ್ರ ಹಾಕಿದರೆ ಆಮ್ಲಜನಕವೂ ಸಾಲಿಗೆ ನಿಂತು ಇನ್ನೊಂದೇ ಬಗೆಯ ಅಯಸ್ಕಾಂತವಾಯಿತು. ಅಂದರೆ ಬಂದವನ ಮೈಕಟ್ಟನ್ನಲ್ಲ, ಸ್ವಭಾವವನ್ನೇ ಈ ವಸ್ತು ಓದಿಕೊಂಡಿತು.

ಇದೆಲ್ಲ ನಡೆಯುವುದು ಕೊರೆಯುವ ಅತಿಶೀತದಲ್ಲಿ. ಜೇಬಿನಲ್ಲಿಟ್ಟುಕೊಳ್ಳುವ ಸೆನ್ಸರ್ ಆಗಲು ಇನ್ನೂ ದೂರ ಹೋಗಬೇಕು.

ಹಾಗೆಂದು ಆವಿಯನ್ನು ಕಾಂತತೆಯಿಂದ ಗುರುತಿಸುವುದು ಕೋಣೆಯ ಉಷ್ಣತೆಯಲ್ಲಿ ಅಸಾಧ್ಯವೇನಲ್ಲ. 2025ರ ರಸಾಯನವಿಜ್ಞಾನ ನೊಬೆಲ್ ಹಂಚಿಕೊಂಡ ಸುಸುಮು ಕಿಟಗಾವಾ ಅವರೂ ಇದ್ದ ತಂಡ, ಕಬ್ಬಿಣ–ಪ್ಲಾಟಿನಂ ಚೌಕಟ್ಟಿನ ಹಳದಿ ಪುಡಿಯೊಂದನ್ನು 2009ರಲ್ಲೇ ವರದಿ ಮಾಡಿತ್ತು. ಕಾರ್ಬನ್ ಡೈಸಲ್ಫೈಡ್ ಆವಿ ಹೊಕ್ಕರೆ ಅದರೊಳಗಿನ ಕಬ್ಬಿಣ ಕಾಂತತೆ ಕಳೆದುಕೊಂಡು ಪುಡಿ ಕೆಂಪಾಗುತ್ತದೆ, ಬೆಂಜೀನ್ ಆವಿ ಕೊಟ್ಟರೆ ಕಾಂತತೆ ಮರಳುತ್ತದೆ. ಆವಿ ಹೊರಟುಹೋದ ಮೇಲೂ ಆ ಸ್ಥಿತಿ ಹಾಗೆಯೇ ಉಳಿಯುತ್ತದೆ, ಯಾರು ಬಂದು ಹೋದರೆಂದು ಪುಡಿಗೆ ನೆನಪಿದ್ದ ಹಾಗೆ.