ನಿಮಗಿದು ಗೊತ್ತೆ? ಅಳಿಸಿದರೂ ಜಾಗ ಬಿಡದ ಫೈಲು
ಲಿನಕ್ಸ್ ಕಂಪ್ಯೂಟರಿನಲ್ಲಿ ತಂತ್ರಾಂಶಗಳು ತಾತ್ಕಾಲಿಕ ಫೈಲುಗಳನ್ನು ಇಡುವುದು ‘ಟೆಂಪ್’ ಫೋಲ್ಡರಿನಲ್ಲಿ. ಫೆಡೋರಾದಲ್ಲಿ 2013ರಿಂದ, ಡೆಬಿಯನ್‌ನಲ್ಲಿ 2025ರ 13ನೇ ಆವೃತ್ತಿಯಿಂದ ಈ ಫೋಲ್ಡರು ಇರುವುದು ಡಿಸ್ಕಿನಲ್ಲಲ್ಲ, ರ‍್ಯಾಮ್‌ನಲ್ಲಿ. ಸಾಮಾನ್ಯವಾಗಿ ರ‍್ಯಾಮ್‌ನ ಅರ್ಧದಷ್ಟೇ ಅದರ ಮಿತಿ. 8 ಜಿಬಿ ಯಂತ್ರದಲ್ಲಿ ದೊಡ್ಡ ವಿಡಿಯೊ ಸಂಕಲನ ಮಾಡುವವರಿಗೆ 4 ಜಿಬಿ ಎಲ್ಲಿ ಸಾಲುತ್ತದೆ? ‘ಟಿಎಂಪಿಡಿಐಆರ್’ (TMPDIR) ಚರಾಂಶಕ್ಕೆ ಬೇರೆ ಫೋಲ್ಡರಿನ ವಿಳಾಸ ಕೊಟ್ಟರೆ ಅನೇಕ ತಂತ್ರಾಂಶಗಳು ಅಲ್ಲಿಗೇ ಬರೆಯುತ್ತವೆ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಫೈಲನ್ನು ಅಳಿಸಿದ ಮಾತ್ರಕ್ಕೆ ಜಾಗ ಖಾಲಿಯಾಗುವುದಿಲ್ಲ. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿದ್ದರೆ ಹೆಸರಷ್ಟೇ ಮಾಯವಾಗುತ್ತದೆ, ದತ್ತಾಂಶ ಹಾಗೆಯೇ ಇರುತ್ತದೆ. ‘ಎಲ್‌ಎಸ್‌ಒಎಫ್’ ಆದೇಶ ಕೊಟ್ಟರೆ ಅಂಥ ಫೈಲನ್ನು ಹಿಡಿದಿಟ್ಟಿರುವ ಪ್ರೋಗ್ರಾಂ ಯಾವುದೆಂದು ತಿಳಿಯುತ್ತದೆ. ಅದನ್ನು ಮುಚ್ಚಿದ ಕೂಡಲೇ ಜಾಗ ಮರಳಿ ಸಿಗುತ್ತದೆ.